ದೊಡ್ಡವ್ವ ಹೇಳದ ಹೆಸರು

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ, ಎರಡೂ ಕಡೆ ನಿಂತು ಗೆಲ್ಲುವುದನ್ನು ಕಲಿತಿದ್ದೆ. ಅಷ್ಟು ಕಲಿತವಳಿಗೆ ಸಿಂಧನೂರಿನಲ್ಲಿ ಸಿಕ್ಕ ಕೆಲಸ ಸಮೀಕ್ಷೆಯದು. ವಯಸ್ಸಾದವರ ಯೋಚನಾಶಕ್ತಿ, ನೆನಪಿನ ಶಕ್ತಿ ಅಳೆಯುವುದು. ಅಕ್ಕಿ ಗಿರಣಿ ಇಟ್ಟವರು, ನಾಟಿ ಹಚ್ಚುವ ಕೂಲಿಯವರು, ಮನೆಯಲ್ಲಿ ಕನ್ನಡ ಆಡುವವರು, ತೆಲುಗು ಆಡುವವರು, ನಿರಾಶ್ರಿತರಾಗಿ ಬಂದು ಆರ್.ಎಚ್. ಕ್ಯಾಂಪಿನಲ್ಲಿ ನೆಲೆಸಿದ ಬಂಗಾಲಿ ಆಡುವವರು, ಎಲ್ಲರಿಗೂ ಅವೇ ಪ್ರಶ್ನೆ. ಟ್ಯಾಬ್ ತೋರಿಸುವ ಗೆರೆಗಿಂತ ಕೆಳಗೆ ಬಿದ್ದವರನ್ನು ಸಮೀಕ್ಷೆಯವರೇ ಗಾಡಿ ಕಳಿಸಿ ದೊಡ್ಡ ಊರಿನ ನರರೋಗದ ಡಾಕ್ಟರಿಗೆ ತೋರಿಸುತ್ತಿದ್ದರು. ಮೇಲಿದ್ದವರಿಗೆ ಒಂದು ನಮಸ್ಕಾರ.

ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದು ಅನ್ನುವುದನ್ನು ನಾನು ಮೊದಲಿನಿಂದಲೂ ನಂಬಿರಲಿಲ್ಲ. ಲಿಂಗಸುಗೂರಿನ ತರಬೇತಿಯ ನಡುವೆ ರೂಢಿಯಾಗಲಿ ಎಂದು ನಮ್ಮನ್ನು ಸಂತೆಕಲ್ಲೂರಿಗೆ ಕಳಿಸಿದ್ದರು. ಅಲ್ಲೊಬ್ಬ ಹೆಣ್ಣುಮಗಳಿಗೆ ಮೋಸಂಬಿಗೂ ಬಾಳೆಗೂ ಏನು ಹೋಲಿಕೆ ಎಂದು ಕೇಳಿದೆ.

"ಎರಡೂ ದವಾಖಾನಿಗೆ ಒಯ್ಯೋವಲ್ಲೇನ್ರೀ," ಅಂದಳು.

ಟ್ಯಾಬಿನ ಪ್ರಕಾರ ತಪ್ಪು. 'ಹಣ್ಣು' ಅನ್ನಬೇಕಿತ್ತು. ನನ್ನ ಪ್ರಕಾರ ಅವಳ ಉತ್ತರದಲ್ಲಿ ಒಂದಿಷ್ಟು ಜಗತ್ತೇ ಇತ್ತು. ಲಿಂಗಸುಗೂರಿಗೆ ವಾಪಸು ಬಂದವಳೇ ತರಬೇತಿ ಕೊಡುತ್ತಿದ್ದ ಮೇಡಂ ಜೊತೆ ಜಗಳ ತೆಗೆದೆ. ಹಣ್ಣಿನ ವಿಷಯದಲ್ಲಿ ಸೋತೆ. ಹೆಸರಿನ ವಿಷಯದಲ್ಲಿ ಗೆದ್ದೆ.

ಓದುಬರಹ ಬಾರದವರಿಗೂ ನ್ಯಾಯ ಆಗಲಿ ಎಂದು ಮನೆಯವರ ಹೆಸರು ಕೇಳುವ ಒಂದು ಭಾಗ ಪರೀಕ್ಷೆಯಲ್ಲಿತ್ತು. ಗಂಡ, ಮಾವ, ಭಾವ. ನಾನು ಎದ್ದು ನಿಂತು, ಸೆರಗು ಬಾಯಿಗೆ ಒತ್ತಿ ತಲೆ ತಗ್ಗಿಸಿ ನಗುವುದನ್ನು ಮಾಡಿ ತೋರಿಸಿದೆ. "ಮೇಡಂ, ನಮ್ಮ ಕಡಿ ಹೆಣ್ಣುಮಕ್ಕಳು ಇವರ ಹೆಸರು ಬಾಯಿಬಿಟ್ಟು ಹೇಳೂದಿಲ್ರೀ. ಸುಮ್ಮನ ಕುಂತ್ರ ಮರತಾಳ ಅಂತ ಬರೀತೀರಿ. ಮರ್ಯಾದಿಗೆ ದಂಡ ಹಾಕಿದಂಗ ಆತು."

ಪಕ್ಕದ ಕುರ್ಚಿಯ ಗೆಳತಿ ಆರ್.ಎಚ್. ಕ್ಯಾಂಪಿನವಳು. ಮನೆಯಲ್ಲಿ ಬಂಗಾಲಿ, ಹೊರಗೆ ನಮಗಿಂತ ಗಟ್ಟಿ ಕನ್ನಡ. "ನಮ್ಮ ಕ್ಯಾಂಪಿನ ಮುದುಕ್ಯಾರೂ ಹೇಳೂದಿಲ್ಲ," ಅಂದಳು. "ಆದ್ರ ಹೇಳದ್ದಕ್ಕ ಮಾರ್ಕ್ಸ್ ಯಾಕ ಕೊಡಬೇಕು? ಖಾಲಿ ಬಿಡ್ರಿ."

"ಖಾಲಿ ಬಿಟ್ರ ಬಡವರ ಮನಿ ಹೆಣ್ಣುಮಕ್ಕಳೆಲ್ಲ ಗೆರಿ ಕೆಳಗ ಬೀಳ್ತಾರ. ಮಾತಾಡದಿದ್ರ ದಡ್ಡರೇನು?"

ಮೇಡಂ ಒಪ್ಪಿದರು. ಹೆಣ್ಣುಮಗಳು ಸಂಕೋಚದಿಂದ ಹೆಸರು ಹೇಳದಿದ್ದರೆ ಆ ಭಾಗಕ್ಕೆ ಪೂರ್ತಿ ಅಂಕ ಎಂದು ನಿಯಮವಾಯಿತು. ಅವಳ ಪರವಾಗಿ ಮನೆಯವರು ಹೇಳಿದ್ದನ್ನು ಹಿಡಿಯಬಾರದು ಎಂದು ನಾನೇ ಇನ್ನೊಂದು ಸೇರಿಸಿದೆ. ಊಟದ ಹೊತ್ತಿಗೆ ಗೆಳತಿ ನನ್ನ ತಟ್ಟೆಯ ಮಿರ್ಚಿ ಎತ್ತಿಕೊಂಡು, "ಗೆದ್ದಿ, ಖುಷಿ ಪಡು," ಅಂದಳು. ಖುಷಿಪಟ್ಟೆ ಕೂಡ.

ಈಗ ದೊಡ್ಡವ್ವನ ಮಾತು. ಅವ್ವನ ಅಕ್ಕ. ಮಸ್ಕಿಯ ಅವಳ ಮನೆಯಲ್ಲಿದ್ದೇ ನಾನು ಹೈಸ್ಕೂಲು ಓದಿದ್ದು. ದೊಡ್ಡಪ್ಪ ಕಾಲುವೆಯ ಗೇಟು ಎತ್ತಿ ಇಳಿಸುವ ನೌಕರಿ ಮಾಡಿ ನಿವೃತ್ತನಾದವನು. ಮದುವೆ ಮನೆಗಳಲ್ಲಿ ಹೆಂಗಸರು ಗುಂಪು ಕಟ್ಟಿ ಗಂಡನ ಹೆಸರು ಹೇಳು ಅಂತ ಕಾಡುತ್ತಾರಲ್ಲ, ಆಗ ಹೆಸರನ್ನು ಸುಮ್ಮನೆ ಹೇಳುವಂತಿಲ್ಲ, ಪ್ರಾಸದ ಸಾಲು ಕಟ್ಟಿ ಅದರ ಕೊನೆಗೆ ಸೇರಿಸಬೇಕು. ಒಡಪು ಅನ್ನುತ್ತೇವೆ. ಬೇರೆಯವರು ಕಲಿತದ್ದನ್ನು ಒಪ್ಪಿಸಿದರೆ ದೊಡ್ಡವ್ವ ತಾನೇ ಕಟ್ಟಿದ್ದನ್ನು ಹೇಳುತ್ತಿದ್ದಳು.

"ಗೇಟು ಎತ್ತಿದ್ರ ನೀರು ಓಡ್ಯಾವ ದೇಶಕ್ಕ, ಗೇಟು ಇಳಿಸಿ ಬಂದಾರ ನನ್ನ ಕೈಯಾನ ಊಟಕ್ಕ," ಅಂತ ಎಳೆದು, ಎಲ್ಲರೂ ಬಾಯಿ ತೆರೆದು ಕಾಯುವ ಹಾಗೆ ಮಾಡಿ, ಆಮೇಲೆ ಹೆಸರು. ನನ್ನನ್ನು ನೋಡಿ, "ಈಕಿಗೆ ಒಡಪು ಯಾತಕ್ಕ ಬೇ, ಈ ವಕೀಲವ್ವ ಗಂಡನ ಹೆಸರು ಬಸ್‌ಸ್ಟ್ಯಾಂಡಿನ್ಯಾಗ ನಿಂತು ಒದರಾಕಿ," ಅನ್ನುತ್ತಿದ್ದಳು.

ಅಂಥ ದೊಡ್ಡವ್ವ ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕತೊಡಗಿದಳು. ಸಂತೆಗೆ ಹೋದವಳು ತನ್ನ ಓಣಿಯ ಬಾಯಲ್ಲೇ ನಿಂತು ದಾರಿ ಕೇಳಿದಳಂತೆ. ಡಾಕ್ಟರಿಗೆ ತೋರಿಸೋಣ ಎಂದರೆ ದೊಡ್ಡಪ್ಪ ಸಿಡಿಯುತ್ತಿದ್ದ. "ತಲಿ ಡಾಕ್ಟರ್ ಕಡಿ ಒಯ್ದ್ರ ಮಂದಿ ಏನಂತಾರ? ವಯಸ್ಸಾಗೈತಿ, ಅಷ್ಟ." ಕೊನೆಗೆ ನನ್ನ ಕಾಟ ತಾಳದೆ ಒಂದು ಮಾತು ಕೊಟ್ಟ. "ನಿಮ್ಮ ಪರೀಕ್ಷಾ ಮಾಡ್ರಿ. ಅದರಾಗ ಫೇಲ್ ಆದ್ರ ಎಲ್ಲಿಗೆ ಬೇಕಾದ್ರೂ ಕರಕೊಂಡು ಹೋಗು. ಪಾಸಾದ್ರ ಮತ್ತ ಈ ಸುದ್ದಿ ಎತ್ತಬ್ಯಾಡ." ನಾನೂ ಹೂಂ ಅಂದು ಮಾತು ಕೊಟ್ಟೆ.

ಸ್ವಂತದವರ ಪರೀಕ್ಷೆಯನ್ನು ನಾವೇ ಮಾಡುವಂತಿಲ್ಲ. ಹಾಗಾಗಿ ಗೆಳತಿ ಬಂದಳು. ನಾನು ಬಾಗಿಲ ಹತ್ತಿರ ಕುಳಿತು, ನನ್ನನ್ನು ಸಾಕಿದ ಹೆಂಗಸು ಫೇಲಾಗಲಿ ಎಂದು ಹಾರೈಸುತ್ತಿದ್ದೆ.

"ದೊಡ್ಡವ್ವಾ, ಇವತ್ತು ಯಾವ ವಾರ?"

"ಅಯ್ಯ, ಇಷ್ಟು ಓದಿ ವಾರ ತಿಳೀದಿಲ್ಲೇನವ್ವ ನಿಂಗ?"

ದೊಡ್ಡಪ್ಪ ನಕ್ಕ. ಗೆಳತಿಯೂ ನಕ್ಕು ಸೊನ್ನೆ ಒತ್ತಿದಳು. ಕುದುರೆ, ಛತ್ರಿ, ಹುಣಸೆಹಣ್ಣು ಎಂದು ಹೇಳಿಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು.

"ಹೇಳಿದಾಕಿ ನೀನ. ಮತ್ತ ನನ್ನ ಕೇಳ್ತಿ? ಚಾ ಕುಡೀತಿಯೇನು?"

ಮಾತಿನ ಚುರುಕು ಹಾಗೇ ಇತ್ತು, ಒಳಗಿನದಷ್ಟೇ ಖಾಲಿಯಾಗುತ್ತಿತ್ತು. ಟ್ಯಾಬಿಗೆ ಕಂಡಿತು. ಅಂಕ ಬೀಳುತ್ತಾ ಹೋಯಿತು. ಒಂದೇ ಭಾಗ ಉಳಿದಿತ್ತು.

"ನಿಮ್ಮ ಮನಿಯವರ ಹೆಸರು ಏನ್ರೀ?"

ದೊಡ್ಡವ್ವ ದೊಡ್ಡಪ್ಪನ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ತುಟಿ ಅಲುಗಿತು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿ ತಲೆ ತಗ್ಗಿಸಿ ನಕ್ಕಳು, ಹೊಸ ಮದುವಣಗಿತ್ತಿಯ ಹಾಗೆ.

"ನಾಚಿಕಿ ಬಂದೈತಿ ಅಕಿಗೆ," ಎಂದ ದೊಡ್ಡಪ್ಪ, ಬಹಳ ಬೇಗ.

"ಒಡಪು ಹೇಳು ದೊಡ್ಡವ್ವಾ," ಎಂದೆ. "ಗೇಟಿಂದು."

ಅವಳು ಸೆರಗು ಇಳಿಸಲಿಲ್ಲ. ಮಾವನ ಹೆಸರಿಗೂ ಅದೇ ನಗು, ಭಾವನ ಹೆಸರಿಗೂ ಅದೇ ನಗು. ಗೆಳತಿ ನನ್ನ ಮುಖ ನೋಡುತ್ತಲೇ ಬೆರಳು ಒತ್ತಿದಳು. ಆ ಭಾಗಕ್ಕೆ ಪೂರ್ತಿ ಅಂಕ ಬಿದ್ದವು. ದೊಡ್ಡವ್ವ ಗೆರೆ ದಾಟಿದಳು, ಕೂದಲೆಳೆಯಷ್ಟು.

ಗೆಳತಿಯನ್ನು ಅಂಗಳಕ್ಕೆ ಎಳೆದೆ. "ಮರತಾಳ ಅಂತ ಬರಿ. ಅದು ನಾಚಿಕಿ ಅಲ್ಲ. ಒಡಪಿಗೆ ಎಂದೂ ಸುಮ್ಮನ ಕುಂತಾಕಿ ಅಲ್ಲ ಅಕಿ."

"ನಂಗೂ ಕಂಡೈತಿ. ಆದ್ರ ಹೆಂಗ ಬರೀಲಿ? ಸೆರಗು ಬಾಯಿಗೆ ಇಟಗೊಂಡು ನಕ್ಕಾಳ. ನೀ ಲಿಂಗಸುಗೂರಾಗ ಎದ್ದು ನಿಂತು ಮಾಡಿ ತೋರಿಸಿದ್ದು ಹಿಂಗ ಅಲ್ಲೇನು?"

"ನಾ ಮನಿಯಾಕಿ, ನಾ ಹೇಳಾಕತ್ತೀನಿ."

"ಮನಿಯವರ ಮಾತು ಹಿಡಿಯೂದಿಲ್ಲ. ಹಿಡಿದ್ರ ಎಲ್ಲಾ ಮನಿಯಾಗೂ ಗಂಡಂದಿರ ಉತ್ತರ ಹೇಳ್ತಾರ, ಅದೂ ನೀನ ಅಂದಿದ್ದಿ." ಅವಳ ಕಣ್ಣು ತುಂಬಿತ್ತು. "ವಾದಾ ಬಿಡು ಬೇ. ಏನರ ದಾರಿ ಇದ್ರ ಹೇಳು, ಮಾಡ್ತೀನಿ."

ದಾರಿ ಇರಲಿಲ್ಲ. ನನ್ನ ವಾದದಲ್ಲಿ ಇವತ್ತಿಗೂ ತಪ್ಪು ಹುಡುಕುತ್ತೇನೆ, ಸಿಗುವುದಿಲ್ಲ. ಆ ನಿಯಮದಿಂದ ಎಷ್ಟೋ ಹೆಣ್ಣುಮಕ್ಕಳು ದಡ್ಡರೆನ್ನಿಸಿಕೊಳ್ಳುವುದು ತಪ್ಪಿದೆ. ಮರ್ಯಾದೆಯ ಮೌನವೂ ಮರೆವಿನ ಮೌನವೂ ಒಂದೇ ಸೆರಗಿನ ಹಿಂದೆ ಕೂತಾಗ ಏನು ಮಾಡಬೇಕು ಎಂದು ಯಾವ ಚರ್ಚೆಯಲ್ಲೂ ಯಾರೂ ನನ್ನನ್ನು ಕೇಳಿರಲಿಲ್ಲ.

ಗೆಳತಿ ಸಿಂಧನೂರಿನ ಬಸ್ ಹಿಡಿದಳು. ನಾನು ಉಳಿದೆ, ದೊಡ್ಡಪ್ಪನ ಜೊತೆ ಕಾದಾಡಲು. ಹೇಳಬೇಕಾದ್ದನ್ನೆಲ್ಲ ಹೇಳಿದೆ, ಅತ್ತು ಕಾಲು ಹಿಡಿದೆ. ಅವನು ಒಂದೇ ಮಾತಿಗೆ ಅಂಟಿಕೊಂಡ. "ಮಷಿನ್ನಿಗೆ ತಿಳಿದಿದ್ದು ನಿಂಗ ತಿಳೀವಲ್ದೇನು? ಪಾಸ್ ಆಗ್ಯಾಳ. ಮಾತು ಕೊಟ್ಟೀದಿ."

ಬೆಳಗ್ಗೆ ಎಚ್ಚರವಾದಾಗ ಅಂಗಳದಿಂದ ದೊಡ್ಡಪ್ಪನ ಸಣ್ಣ ದನಿ. ಕಿಟಕಿಯಿಂದ ನೋಡಿದೆ. ಕಟ್ಟೆಯ ಮೇಲೆ ಇಬ್ಬರೂ ಮಂಡಿಗೆ ಮಂಡಿ ತಾಗಿಸಿ ಕುಳಿತಿದ್ದರು.

"ಗೇಟು ಎತ್ತಿದ್ರ ನೀರು ಓಡ್ಯಾವ ದೇಶಕ್ಕ. ಹೂಂ, ಅನ್ನು."

ದೊಡ್ಡವ್ವ ಅಂದಳು.

"ಗೇಟು ಇಳಿಸಿ ಬಂದಾರ ನನ್ನ ಕೈಯಾನ ಊಟಕ್ಕ."

ಅದನ್ನೂ ಅಂದಳು. ಅಲ್ಲಿಗೆ ನಿಂತಳು. ಕೈ ಸೆರಗಿಗೆ ಹೋಯಿತು. ದೊಡ್ಡಪ್ಪ ಆ ಕೈ ಹಿಡಿದು ಕೆಳಗಿಳಿಸಿ, ಸುತ್ತ ಯಾರೂ ಇಲ್ಲವೆಂದು ನೋಡಿ, ತನ್ನ ಹೆಸರನ್ನು ತಾನೇ ಹೇಳಿದ. ಇದು ಒಂದು ದಿನದ ಪಾಠವಲ್ಲ ಎಂದು ಅವನ ದನಿಯಲ್ಲೇ ಗೊತ್ತಾಗುತ್ತಿತ್ತು.

"ಚಂದ ಐತ್ರಿ ಹೆಸರು," ಅಂದಳು ದೊಡ್ಡವ್ವ, ಬಂದ ಬೀಗರ ಜೊತೆ ಮಾತಾಡುವ ಮರ್ಯಾದೆಯಲ್ಲಿ.

ಅವನು ತಲೆಯೆತ್ತಿದಾಗ ಕಿಟಕಿಯಲ್ಲಿ ನನ್ನನ್ನು ಕಂಡ. ನಾನು ಬಾಯಿ ತೆರೆದೆ. ಅವನು ಬೇಡ ಎಂಬಂತೆ ತಲೆ ಆಡಿಸಿ, ಅವಳ ಕಡೆ ತಿರುಗಿ ಮತ್ತೆ ಮೊದಲ ಸಾಲು ಹಿಡಿದ.