ಹೆಸರಿಲ್ಲದ ಜೋಡಿ

ಕೆಸರೆಯ ಜವರಪ್ಪನ ಬೆನ್ನಿಗೆ ಮಣ್ಣು ಹತ್ತಿದ್ದನ್ನು ಕಂಡವರು ಮೈಸೂರಿನಲ್ಲಿ ಯಾರೂ ಇರಲಿಲ್ಲ. ಹದಿನೈದಕ್ಕೆ ಗರಡಿಗೆ ಇಳಿದವನು ಇಪ್ಪತ್ತಮೂರು ತುಂಬುವವರೆಗೆ ಒಂದು ಕುಸ್ತಿಯಲ್ಲೂ ಚಿತ್ ಆಗಲಿಲ್ಲ. ಎತ್ತರ ಸಾಧಾರಣ, ಕತ್ತು ಮಾತ್ರ ಹೋರಿಯದು. ನಗುವಾಗ ಬಾಯಿಗೆ ಅಂಗೈ ಅಡ್ಡ ಇಡುತ್ತಿದ್ದ. ಮುಂದಿನ ಹಲ್ಲೊಂದು ಮುರಿದಿತ್ತು. ಅಖಾಡದಲ್ಲಿ ಮುರಿದದ್ದು ಎಂದು ಜನ ಹೇಳುತ್ತಿದ್ದರು. ನಿಜಕ್ಕೂ ಮುರಿದದ್ದು ಕಬ್ಬು ಸಿಗಿಯುವಾಗ.

ಈ ಕಬ್ಬಿನ ಗುಟ್ಟು ಗೊತ್ತಿದ್ದದ್ದು ಏಕಾಂತಯ್ಯನೊಬ್ಬನಿಗೆ. ಏಕಾಂತಯ್ಯ ಒಂದು ಸಣ್ಣ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಆರಿಸಿ ಸಾಲು ಕಟ್ಟುವುದು ಅವನ ಕಸುಬು. ಕುಸ್ತಿಯ ಹ್ಯಾಂಡ್‌ಬಿಲ್ಲು ಒಯ್ಯಲು ಬಂದ ಜವರಪ್ಪ ಒಂದು ದಿನ ಅಲ್ಲೇ ಕುಳಿತುಬಿಟ್ಟ. ಅವನಿಗೆ ಓದು ಬಾರದು. ತನ್ನ ಹೆಸರಿನ ಮೊದಲ ಅಕ್ಷರ ಗುರುತಿಸುತ್ತಿದ್ದ, ಅಷ್ಟೆ.

"ಪೇಪರ್ ಓದೋದು ನಿಮ್ಮ ಕೆಲ್ಸ ಅಯ್ನೋರೆ, ಈ ಚಕ್ರ ತಿರುಗ್ಸೋದು ನಂದು" ಎಂದು ಯಂತ್ರದ ಹಿಡಿ ಹಿಡಿದ.

ಹೀಗೆ ನಾಲ್ಕು ವರ್ಷ. ಏಕಾಂತಯ್ಯ ಓದುವುದು, ಅವನು ಚಕ್ರ ತಿರುಗಿಸುತ್ತಾ ನಡುನಡುವೆ ಕೇಳುವುದು. "ಅಲ್ಲ, ಆ ದೇಶದೋರು ಚಂದ್ರನ ಮ್ಯಾಲೆ ಓಯ್ತೀವಿ ಅಂತಾರಲ್ಲ, ಅಲ್ಲಿ ಕುಸ್ತಿ ಆಡಾಕೆ ಮಟ್ಟಿ ಇರ್ತದಾ?"

ಜವರಪ್ಪ ಹೇಳದೆ ಉಳಿಸಿದ್ದ ಸಂಗತಿಯೂ ಒಂದಿತ್ತು. ಗಂಧದ ಮರ ಕದ್ದು ಸಾಗಿಸುವ ನಿಂಗಯ್ಯ ಅವನಿಗೆ ಬಾದಾಮಿ, ತುಪ್ಪ ತಿನ್ನಿಸಿ ಬೆಳೆಸಿದ್ದ. ಹಿನಕಲ್ ಕಡೆಯಲ್ಲಿ ಇನ್ನೊಂದು ಗುಂಪಿತ್ತು. ಗಾಡಿಗಳು ಯಾರ ದಾರಿಯಲ್ಲಿ ಹೋಗಬೇಕೆಂಬ ಜಗಳವನ್ನು ಎರಡೂ ಕಡೆಯವರು ಅಖಾಡದಲ್ಲಿ ಮುಗಿಸುತ್ತಿದ್ದರು. ಅದು ಗರಡಿಯ ಅಖಾಡವಲ್ಲ. ಹಿನಕಲ್ ಆಚೆ, ಮುಚ್ಚಿಹೋದ ಇಟ್ಟಿಗೆ ಗೂಡಿನ ಪಕ್ಕದ ತಗಡಿನ ಕೊಟ್ಟಿಗೆ. ಅಲ್ಲಿ ಬೆನ್ನಿಗೆ ಮಣ್ಣು ಹತ್ತಿದರೂ ಕುಸ್ತಿ ನಿಲ್ಲುತ್ತಿರಲಿಲ್ಲ. ಒಬ್ಬ ಏಳದಂತಾದ ಮೇಲೆಯೇ ನಿಲ್ಲುವುದು.

ಆ ಆಷಾಢದಲ್ಲಿ ಅಲ್ಲಿ ಹಿನಕಲ್ಲಿನ ಚಿಕ್ಕಣ್ಣ ಜವರಪ್ಪನ ಹಿಡಿತದಲ್ಲಿ ಸತ್ತ. ಸಾಯುವಾಗ ಜವರಪ್ಪನ ಎಡ ಮಣಿಕಟ್ಟನ್ನು ಹಿಡಿದಿದ್ದ. ಪ್ರಾಣ ಹೋದ ಮೇಲೂ ಬಿಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಹದಿನೈದು ದಿನ ಕಳೆದರೂ ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿನ ಗುರುತು ಹಾಗೇ ಇತ್ತು. ತಿಂಗಳಾಯಿತು, ಎರಡು ತಿಂಗಳಾಯಿತು. ಊತವಿಲ್ಲ, ನೋವಿಲ್ಲ, ನಾಲ್ಕು ನೀಲಿ ಪಟ್ಟಿ ಮಾತ್ರ. ಅವನ ತಾಯಿ ಕೆಂಚಮ್ಮ ಹರಳೆಣ್ಣೆ ತಿಕ್ಕಿದಳು, ಅರಿಶಿನ ಕಟ್ಟಿದಳು.

"ಅವ್ನು ಇನ್ನೂ ಕೈ ಬುಟ್ಟಿಲ್ಲ ಕಣಪ್ಪ" ಎಂದಳು ಕೊನೆಗೆ.

ಜವರಪ್ಪ ಅದನ್ನು ತಮಾಷೆ ಮಾಡುತ್ತಲೇ ಏಕಾಂತಯ್ಯನಿಗೆ ತೋರಿಸಿದ. "ಮುಟ್ಟಿ ನೋಡಿ." ಏಕಾಂತಯ್ಯ ಮುಟ್ಟಿದ. ಚಕ್ರ ತಿರುಗಿಸಿ ಮೈಯೆಲ್ಲ ಬೆವರುತ್ತಿದ್ದವನ ಆ ನಾಲ್ಕು ಪಟ್ಟಿ ಮಾತ್ರ ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಅಂದು ಜವರಪ್ಪ ಎಲ್ಲವನ್ನೂ ಹೇಳಿದ. ಸರಸ್ವತಿಪುರಂನ ಒಂದು ವಿದ್ಯಾರ್ಥಿನಿಲಯಕ್ಕೆ ಕಾವಲಿನವನು ಬೇಕಾಗಿದ್ದ. ಏಕಾಂತಯ್ಯ ಅಲ್ಲಿಗೆ ಹೋಗಿ ಮಾತಾಡಿ ಬಂದ.

"ದಸರಾ ಮುಗೀತಿದ್ದಂಗೆ ಸೇರ್ಕೋಬೇಕು ಕಣೋ. ಖಾಕಿ ಕೊಡ್ತಾರೆ."

"ಆಗ್ಲಿ. ಇನ್ನೊಂದೇ ಒಂದು ಜೋಡಿ ಕುಸ್ತಿ ಅದೆ. ಅದಾದ್ಮೇಲೆ ಬುಟ್ಬುಡ್ತೀನಿ ಅಂದವ್ನೆ ನಿಂಗಯ್ಯ. ನಿಲ್ದೆ ಓಡಿದ್ರೆ ಅವ್ವ ಇರೋ ಮನೆಗೇ ಬೆಂಕಿ ಇಕ್ತಾರೆ."

"ಯಾರ ಜೊತೆ?"

ಜವರಪ್ಪ ಬಾಯಿಗೆ ಅಂಗೈ ಇಟ್ಟ. "ಚಿಕ್ಕಣ್ಣನ ಜೊತೆ."

ಆ ಅಖಾಡದ ಕಟ್ಟಳೆ ಅದು. ಕೊಂದವನ ಮುಂದಿನ ಜೋಡಿಗೆ ಸತ್ತವನ ಹೆಸರನ್ನೇ ಹಾಕುವುದು. ಯಾಕೆ ಎಂದು ಏಕಾಂತಯ್ಯ ಕೇಳಲಿಲ್ಲ, ಜವರಪ್ಪನೂ ಹೇಳಲಿಲ್ಲ.

ಎರಡು ದಿನದ ಮೇಲೆ ನಿಂಗಯ್ಯನ ಆಳು ಆ ಬಿಲ್ಲಿನ ಕೆಲಸವನ್ನು ಅಚ್ಚುಕೂಟಕ್ಕೇ ತಂದ. ಮಾಮೂಲಿನ ಬಿಲ್ಲಿನ ಹಾಗೆಯೇ ಮೇಲೆ ಹನುಮಂತನ ಸ್ಮರಣೆ, ಕೆಳಗೆ ಎರಡು ಹೆಸರು. ಸ್ಥಳವಿಲ್ಲ, ಹೊತ್ತಿಲ್ಲ. ಎರಡೂ ಗುಂಪಿನವರಿಗೆ ಒಬ್ಬರ ಬಾಯಿಮಾತಿನ ಮೇಲೆ ಒಬ್ಬರಿಗೆ ನಂಬಿಕೆಯಿಲ್ಲ, ಅಚ್ಚಾದದ್ದಕ್ಕೆ ಮಾತ್ರ ಬೆಲೆ. ಕಟ್ಟನ್ನು ಅರಗು ಹಾಕಿ ಕೊಡಬೇಕು, ಅಖಾಡದಲ್ಲೇ ಬಿಚ್ಚಬೇಕು.

ಏಕಾಂತಯ್ಯ ಮೊಳೆ ಜೋಡಿಸಿದ. ಜವರಪ್ಪನ ಹೆಸರಿನ ಎದುರಿಗೆ ಚಿಕ್ಕಣ್ಣನ ಹೆಸರು ಕೂತಿತು. ಅದನ್ನೇ ನೋಡುತ್ತಾ ನಿಂತ. ತಣ್ಣಗಿನ ಆ ನಾಲ್ಕು ಪಟ್ಟಿ ನೆನಪಾಯಿತು. ಅಚ್ಚಾದದ್ದಕ್ಕೆ ಬೆಲೆಯಾದರೆ, ಅಚ್ಚಾಗದವನು ಬರುವುದು ಹೇಗೆ? ಚಿಮಟದಿಂದ ಆ ಐದು ಮೊಳೆಗಳನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. ಆ ಜಾಗಕ್ಕೆ ಅಕ್ಷರವಿಲ್ಲದ ಸೀಸದ ತುಂಡುಗಳನ್ನು ತುಂಬಿ ಅಚ್ಚು ಮಾಡಿದ.

ಮಹಾಲಯ ಅಮಾವಾಸ್ಯೆಯ ದಿನ ನೆತ್ತಿಯ ಮೇಲೆ ಬಿಸಿಲು. ಮನೆಮನೆಯಲ್ಲೂ ಹಿರಿಯರಿಗೆ ಎಡೆ ಇಟ್ಟು ಬಾಗಿಲು ಮುಂದಕ್ಕೆ ಹಾಕಿ, ಸತ್ತವರು ಉಂಡು ಹೋಗಲೆಂದು ಜನ ಹೊರಗೆ ಕೂತ ಹೊತ್ತು. ದಾರಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಕೆಂಚಮ್ಮ ಗಂಡನ ಎಡೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿ ಚಿಕ್ಕಣ್ಣನಿಗೂ ಬಡಿಸಿದ್ದಳು.

ಕೊಟ್ಟಿಗೆಯಲ್ಲಿ ನಲವತ್ತು ಜನ ಇದ್ದಿರಬೇಕು. ಏಕಾಂತಯ್ಯನೂ ಹೋಗಿದ್ದ. ಅಖಾಡದ ಕೆಂಪು ಮಣ್ಣನ್ನು ಹಲಗೆಯಿಂದ ಎಳೆದು ನೀರಿನಂತೆ ಮಟ್ಟ ಮಾಡಿದ್ದರು. ನಿಂಗಯ್ಯ ಕಟ್ಟು ಬಿಚ್ಚಿ, ಒಂದು ಬಿಲ್ಲು ತೆಗೆದು ತಿರುಗಿಸಿ ತಿರುಗಿಸಿ ನೋಡಿದ.

"ಯಾರಪ್ಪಾ ಹೆಸ್ರು ಕಿತ್ತವ್ನು?"

ನಿಂಗಯ್ಯನ ಕಣ್ಣು ಏಕಾಂತಯ್ಯನ ಮೇಲೆ ನಿಂತಿತು.

"ಎಂಥಾ ಕೆಲ್ಸ ಮಾಡ್ಬುಟ್ರಿ ಅಯ್ನೋರೆ! ಸತ್ತವ್ನ ಹೆಸ್ರು ಇದ್ರೆ ಅವ್ನ ಮನೆಯೋರೇ ನಿಲ್ಬೇಕು. ಚಿಕ್ಕಣ್ಣನ ಮನೇಲಿ ಮುದುಕಿ ಬುಟ್ರೆ ಯಾರವ್ರೆ? ಮೂರು ಸಲ ಕೂಗ್ತಿದ್ದೆ, ಯಾರೂ ಬರ್ತಿರ್ಲಿಲ್ಲ, ಹುಡ್ಗ ಕೈ ತೊಳ್ಕೊಂಡು ಮನೆಗೆ ಹೋಯ್ತಿದ್ದ. ಅವ್ನನ್ನ ಬುಡ್ಸಾಕೇ ಇದ್ದದ್ದು ಆ ಹೆಸ್ರು. ಈಗ ಯಾರನ್ನ ಕೂಗ್ಲಿ? ಹೆಸ್ರಿಲ್ದಿದ್ರೆ ಬಂದವ್ನೇ ಜೋಡಿ."

ಜವರಪ್ಪ ಒಂದು ಬಿಲ್ಲು ಈಸಿಕೊಂಡು ನೋಡಿದ. ಎದುರಿನ ಜಾಗ ಖಾಲಿ ಇದ್ದದ್ದು ಓದು ಬಾರದವನಿಗೂ ಕಾಣುತ್ತಿತ್ತು. ಅದನ್ನು ಮಡಿಸಿ ಚಲ್ಲಣದ ಸೊಂಟಕ್ಕೆ ಸಿಕ್ಕಿಸಿಕೊಂಡ.

"ಬುಡಿ ಅಯ್ನೋರೆ. ಖಾಕಿ ಅಳತೆ ಕೊಡಾಕೆ ನಾಳೆ ಹೋಗವ" ಎಂದು ಅಖಾಡಕ್ಕೆ ಇಳಿದ.

"ಬರೋರು ಬನ್ನಿ" ಎಂದು ನಿಂಗಯ್ಯ ಕೂಗಿದ. ಹಿನಕಲ್ಲಿನವರು ಮುಖ ಮುಖ ನೋಡಿಕೊಂಡರು. ಒಬ್ಬನೂ ಏಳಲಿಲ್ಲ. ಎರಡನೇ ಸಲ ಕೂಗಿದ. ಏಳಲಿಲ್ಲ. ಏಕಾಂತಯ್ಯನಿಗೆ ಉಸಿರು ಮರಳಿತು. ಮೂರನೇ ಸಲ ಕೂಗಿದಾಗ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದುಹೋದವು. ಜವರಪ್ಪ ಎದುರಿನ ಮೂಲೆಯ ಕಡೆ ತಿರುಗಿದ.

ಅಲ್ಲಿ ಏನೂ ಇರಲಿಲ್ಲ. ಜವರಪ್ಪ ಮಾತ್ರ, ಹಿರಿಯ ಪೈಲ್ವಾನರು ಇಳಿದು ಬಂದಾಗ ತೋರಿಸುವ ಮರ್ಯಾದೆಯಲ್ಲಿ, ತಲೆ ಬಾಗಿಸಿದ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು, ಕುಸ್ತಿಯ ರಿವಾಜಿನಂತೆ ಎದುರಾಳಿಯ ಹೆಗಲಿಗೆ ಎರಚಿದ. ಆ ಮಣ್ಣು ಕೆಳಗೆ ಬಿದ್ದದ್ದನ್ನು ನಲವತ್ತು ಜನರಲ್ಲಿ ಒಬ್ಬರೂ ಕಾಣಲಿಲ್ಲ.

ಆಮೇಲೆ ನಡೆದದ್ದನ್ನು ಕುಸ್ತಿ ಎನ್ನುವುದು ಹೇಗೋ ತಿಳಿಯದು. ಅವನು ಪಟ್ಟು ಹಾಕಿದ, ಬಿಡಿಸಿಕೊಂಡ, ಹಲ್ಲು ಕಚ್ಚಿದ. ಕತ್ತಿನ ನರಗಳು ಉಬ್ಬಿದವು. ಒಂದು ಸಲ "ಬುಡೋ ಮಾರಾಯ" ಎಂದದ್ದು ಕೇಳಿಸಿತು. ಏಕಾಂತಯ್ಯ ಒಳಗೆ ಧುಮುಕಲು ಹೋದ. ನಿಂಗಯ್ಯ ತೋಳು ಹಿಡಿದ. ಜವರಪ್ಪನ ಎರಡೂ ಕಾಲು ನೆಲ ಬಿಟ್ಟವು. ಅಂಗಾತ ಬಿದ್ದ. ಮತ್ತೆ ಏಳಲಿಲ್ಲ.

ಎತ್ತಿದಾಗ ಬೆನ್ನ ತುಂಬ ಮಣ್ಣು. ಮೈಯಲ್ಲಿ ಒಂದು ಗಾಯವೂ ಇರಲಿಲ್ಲ. ಅಖಾಡದ ಮಣ್ಣಿನಲ್ಲಿ ಇದ್ದದ್ದು ಒಬ್ಬನದೇ ಹೆಜ್ಜೆ.

ಮೈ ತೊಳೆಸುವಾಗ ಏಕಾಂತಯ್ಯ ನೀರು ಹುಯ್ಯುತ್ತಿದ್ದ. ಕೆಂಚಮ್ಮ ಮಗನ ಎಡ ಕೈ ಎತ್ತಿ ಹಿಡಿದು ಬಹಳ ಹೊತ್ತು ನೋಡಿದಳು. ಮಣಿಕಟ್ಟಿನ ಮೇಲೆ ಯಾವ ಗುರುತೂ ಇರಲಿಲ್ಲ.

"ಬುಟ್ಟವ್ನೆ" ಎಂದಳು.

ಮೂರು ದಿನದ ಮೇಲೆ ಅವಳು ಅಚ್ಚುಕೂಟಕ್ಕೆ ಬಂದಳು. ಸೆರಗಿನಿಂದ ಆ ಬಿಲ್ಲು ತೆಗೆದಳು.

"ಇದು ಅವ್ನ ಸೊಂಟದಲ್ಲಿತ್ತು ಸ್ವಾಮಿ. ನನ್ನ ಮಗನ ಎದುರ್ಗೆ ಯಾರ ಹೆಸ್ರದೆ, ಓದಿ ಹೇಳಿ."

ಏಕಾಂತಯ್ಯ ಕಾಗದ ಮುಟ್ಟಲಿಲ್ಲ. "ಯಾರ ಹೆಸರೂ ಇಲ್ಲ ಕಣಮ್ಮ. ಚಿಕ್ಕಣ್ಣನ ಹೆಸರಿತ್ತು. ನಾನು ತೆಗೆದುಬಿಟ್ಟೆ. ತೆಗೀದಿದ್ರೆ ಜವರ ಬದುಕ್ತಿದ್ದ."

ಅವಳು ಗೋಡೆಗೆ ಒರಗಿ ಕೂತಳು. ಬಿಲ್ಲನ್ನು ಮಡಿಲ ಮೇಲೆ ಹರವಿ, "ಹಾಕ್ಬುಡಿ. ಆ ಹುಡ್ಗನ ಹೆಸ್ರೂ ಹಾಕ್ಬುಡಿ. ಎರಡು ಕಾಗದ ಮಾಡಿ. ಒಂದ ಹಿನಕಲ್ಲಿಗೆ ಅವ್ನ ಅವ್ವಂಗೆ ನಾನೇ ಕೊಟ್ಟು ಬತ್ತೀನಿ" ಎಂದಳು.

ಕಟ್ಟಿದ ಮೊಳೆಗಳು ಅಚ್ಚುಕೂಟದ ಹಾಸುಗಲ್ಲಿನ ಮೇಲೆ ಹಾಗೇ ಇದ್ದವು. ಅಮಾವಾಸ್ಯೆಯ ಹಿಂದಿನ ದಿನದಿಂದ ಯಾರೂ ಮುಟ್ಟಿರಲಿಲ್ಲ. ಖಾಲಿ ಜಾಗದ ಸೀಸದ ತುಂಡುಗಳನ್ನು ಏಕಾಂತಯ್ಯ ಎತ್ತಿದ. ಅವುಗಳ ಅಡಿಯಲ್ಲಿ ಒಂದು ಚಿಟಿಕೆ ಕೆಂಪು ಮಣ್ಣಿತ್ತು, ಇನ್ನೂ ಹಸಿ. ಊದಿದ, ಹೋಗಲಿಲ್ಲ. ಜೇಬಿನಿಂದ ಐದು ಮೊಳೆ ತೆಗೆದು ಆ ಮಣ್ಣಿನ ಮೇಲೆಯೇ ಕೂರಿಸಿ, ಯಂತ್ರಕ್ಕೆ ಏರಿಸಿ ಶಾಯಿ ಹಚ್ಚಿದ. ಚಕ್ರ ತಿರುಗಿಸಲು ಯಾರೂ ಇರಲಿಲ್ಲ. ಕೆಂಚಮ್ಮ ಎದ್ದು ಬಂದು ಹಿಡಿಗೆ ಕೈ ಹಾಕಿದಳು.