ಎಲ್ಲವೂ ಸುಸ್ಥಿತಿಯಲ್ಲಿವೆ

ನಮ್ಮ ಶಾಲೆಯಲ್ಲಿ ಯಾರಿಗೂ ಬೇಡವಾದ ಕೆಲಸವೊಂದು ಬಂದರೆ ಅದು ತಾನಾಗಿಯೇ ಭೀಮರಾಜ ಸಾರ್ ಮೇಜಿನ ಮೇಲೆ ಹೋಗಿ ಬೀಳುತ್ತದೆ. ಮತದಾರರ ಪಟ್ಟಿ, ಮೊಟ್ಟೆಯ ಲೆಕ್ಕ, ಮಕ್ಕಳ ಶೂ ಅಳತೆ, ಹಲ್ಲಿನ ತಪಾಸಣೆ ಶಿಬಿರ, ಎಲ್ಲವೂ. ಅವರಿಗೆ ‘ಆಗುವುದಿಲ್ಲ’ ಅನ್ನಲು ಬಾಯಿಲ್ಲ ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದೆವು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅನ್ನುತ್ತಾರಲ್ಲ, ಆ ಗುದ್ದುಗಳಲ್ಲಿ ಒಂದೆರಡು ನನ್ನವೂ ಇದ್ದವು.

ನಾನು ಗುರುಬಸಮ್ಮ, ಕನ್ನಡ ಹೇಳಿಕೊಡುವವಳು. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನನ್ನ ಮನೆ. ಭೀಮರಾಜ ಸಾರ್ ಗಣಿತದವರು, ಹುಟ್ಟಿದ್ದು ಹಚ್ಚೊಳ್ಳಿಯಲ್ಲಿ, ಈಗ ಇರುವುದು ಕೌಲ್ ಬಜಾರ್‌ನಲ್ಲಿ. ಶಾಲೆ ಕುರುಗೋಡಿನಿಂದ ಆಚೆ. ಊರ ಹೆಸರು ಹೇಳುವುದಿಲ್ಲ, ನನಗಿನ್ನೂ ನಾಲ್ಕು ವರ್ಷ ನೌಕರಿ ಇದೆ. ಹದಿನೈದು ವರ್ಷದಿಂದ ಇಬ್ಬರೂ ಒಂದೇ ಬಸ್ಸಿಗೆ ಹೋಗಿ ಬರುತ್ತೇವೆ. ಸೀಟು ಸಿಕ್ಕರೆ ಅವರು ಮಕ್ಕಳ ನೋಟುಪುಸ್ತಕ ತಿದ್ದುತ್ತಾರೆ, ಸಿಗದಿದ್ದರೆ ಕಂಬಿ ಹಿಡಿದು ನಿಂತೇ ನಿದ್ದೆ ಮಾಡುತ್ತಾರೆ. ಐವತ್ತೈದಕ್ಕೇ ಅರವತ್ತೈದರಂತೆ ಕಾಣುತ್ತಾರೆ.

ಹೋದ ವರ್ಷದ ಹಿಂದಿನ ವರ್ಷ ನವೆಂಬರ್‌ನಲ್ಲಿ ಒಂದು ಕಾರ್ಖಾನೆಯವರ ಪತ್ರ ಬಂತು. ಮಕ್ಕಳ ಕಲಿಕೆಗೆ ಹೊಸ ಯಂತ್ರಗಳನ್ನು ಕೊಳ್ಳಲು ಎಂಟು ಲಕ್ಷ ಕೊಡುತ್ತೇವೆ, ಯಾವುದು ಉಪಯೋಗಕ್ಕೆ ಬರುತ್ತದೆಂದು ನೀವೇ ನೋಡಿ, ಪರೀಕ್ಷಿಸಿ, ವರದಿ ಕೊಡಿ ಎಂದಿತ್ತು. ಹೆಡ್‌ಮಾಸ್ಟರ್ ಜಡೆಪ್ಪನವರು ಆ ಪತ್ರವನ್ನು ಬಿಸಿ ಪಾತ್ರೆಯನ್ನು ಸೆರಗಲ್ಲಿ ಹಿಡಿದು ಸರಿಸುವಂತೆ ಎರಡೇ ಬೆರಳಲ್ಲಿ ಸರಿಸಿದರು.

“ಭೀಮರಾಜ, ಇದು ನಿಮ್ಮದ ನೋಡ್ರಿ. ಮೂರು ಕಂಪನಿಯವರನ್ನ ಕರಸ್ರಿ, ಒಂದನ್ನ ಆರಿಸ್ರಿ. ಮೇ ತಿಂಗಳಿಗೆ ನನ್ನ ನಿವೃತ್ತಿ ಐತಿ, ನನ್ನನ್ನ ನಡುವ ಎಳೀಬ್ಯಾಡ್ರಿ.”

ಜಡೆಪ್ಪನವರು ಕೆಟ್ಟವರಲ್ಲ, ಹೆದರಿದವರು. ಸರ್ಕಾರಿ ಶಾಲೆಯ ಹೆಡ್‌ಮಾಸ್ಟರ್ ಹೋಗುವಾಗ ಕುರ್ಚಿ, ಬೀರು, ಗಂಟೆ, ಬಕೆಟ್ ಎಲ್ಲವನ್ನೂ ಪಟ್ಟಿ ಮಾಡಿ ಮುಂದಿನವರಿಗೆ ಒಪ್ಪಿಸಬೇಕು. ಇದಕ್ಕೆ ಚಾರ್ಜ್ ಕೊಡುವುದು ಎನ್ನುತ್ತಾರೆ. ಒಂದು ಕಡಿಮೆ ಬಿದ್ದರೂ ಪಿಂಚಣಿಗೆ ಕಲ್ಲು. ಜಡೆಪ್ಪನವರ ಗೆಳೆಯರೊಬ್ಬರಿಗೆ ಒಂದು ಹಾಳು ಬ್ಯಾಟರಿ ಲೆಕ್ಕಕ್ಕೆ ಸಿಗದೆ ಎರಡು ವರ್ಷ ಪಿಂಚಣಿ ಬರಲಿಲ್ಲವಂತೆ. ಆದ್ದರಿಂದ ಶಾಲೆಗೆ ಏನೇ ಒಳ್ಳೆಯದು ಬಂದರೂ ಮೊದಲು ತೆಂಗಿನಕಾಯಿ, ಆಮೇಲೆ ಫೋಟೋ, ಆಮೇಲೆ ಬೀಗ.

ನಮ್ಮಲ್ಲೂ ಅಂಥದೊಂದು ಕೋಣೆ ಇತ್ತು. ಅದಕ್ಕೂ ಹದಿಮೂರು ವರ್ಷದ ಹಿಂದೆ ಭೀಮರಾಜ ಸಾರ್ ಕಚೇರಿ ಕಚೇರಿ ಅಲೆದು ಹನ್ನೊಂದು ಕಂಪ್ಯೂಟರ್ ತರಿಸಿದ್ದರು. ಅವಕ್ಕೆ ಕಾಯಿ ಒಡೆದರು, ಬೀಗ ಹಾಕಿದರು, ಕೀಲಿ ಒಬ್ಬ ಹೆಡ್‌ಮಾಸ್ಟರ್ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ಪ್ರತಿ ಮಾರ್ಚಿನಲ್ಲಿ ಇಬ್ಬರು ಶಿಕ್ಷಕರು ಸಾಮಾನುಗಳನ್ನು ಪರಿಶೀಲಿಸಿ ಸಹಿ ಹಾಕಬೇಕು. ಆ ಇಬ್ಬರು ಭೀಮರಾಜ ಮತ್ತು ನಾನು. ‘ಗಣಕಯಂತ್ರ ಹನ್ನೊಂದು, ಸುಸ್ಥಿತಿಯಲ್ಲಿವೆ.’ ಮೊದಲ ವರ್ಷ ಕಿಟಕಿಯಿಂದ ಇಣುಕಿ ನೋಡಿದೆವು, ಆಮೇಲೆ ಅದನ್ನೂ ಬಿಟ್ಟೆವು. ಕೊರೊನಾ ಮುಗಿದ ಮೇಲೆ ಒಮ್ಮೆ ಬಾಗಿಲು ತೆಗೆದರೆ ಇಲಿಗಳು ವೈರುಗಳನ್ನೆಲ್ಲ ತಿಂದು ಒಳಗೆ ಮರಿ ಹಾಕಿದ್ದವು. ಒಂದೇ ಒಂದು ಮಗು ಕೂಡ ಅವನ್ನು ಮುಟ್ಟಿರಲಿಲ್ಲ. ಆ ಮಾರ್ಚಿನಲ್ಲೂ ನಾವಿಬ್ಬರೂ ಸುಸ್ಥಿತಿಯಲ್ಲಿವೆ ಎಂದು ಬರೆದು ಸಹಿ ಹಾಕಿ ಬಸ್ಸು ಹಿಡಿದೆವು.

ಈಗ ಕಾರ್ಖಾನೆಯವರ ಫಾರಂನ ಕೊನೆಯ ಪುಟದಲ್ಲಿ ಒಂದು ಪ್ರಶ್ನೆ ಇತ್ತು. ಈ ಹಿಂದೆ ಶಾಲೆಗೆ ಬಂದ ಯಂತ್ರಗಳು ಯಾವ ಸ್ಥಿತಿಯಲ್ಲಿವೆ?

ನಿಜ ಬರೆದರೆ ಎಂಟು ಲಕ್ಷವೂ ಹೋಗಬಹುದು, ಜಡೆಪ್ಪನವರ ಪಿಂಚಣಿಯೂ ನಿಲ್ಲಬಹುದು. ಸುಳ್ಳು ಬರೆದರೆ ಹೊಸದೂ ಅದೇ ಕೋಣೆಗೆ ಹೋಗುತ್ತದೆ. ಭೀಮರಾಜ ಸಾರ್ ಆ ಪುಟವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಮೂರು ವಾರ ತಿರುಗಿದರು.

ಮೊದಲು ಬಂದವನು ಬಳ್ಳಾರಿಯ ಹಂಪೇಶ್, ಸ್ಮಾರ್ಟ್ ಬೋರ್ಡ್ ಮಾರುವವನು. ಇಸ್ತ್ರಿ ಅಂಗಿ, ಸೆಂಟಿನ ವಾಸನೆ. ಗೋಡೆಯಗಲದ ಪರದೆಯ ಮೇಲೆ ಕೆಂಪು ಹೃದಯವೊಂದನ್ನು ಢವಢವ ಬಡಿಸಿ ತೋರಿಸಿದ. ಒಂಬತ್ತನೇ ತರಗತಿಯವರು ಚಪ್ಪಾಳೆ ಹೊಡೆದರು. ಸುಳ್ಳೇಕೆ, ನಾನೂ ಹೊಡೆದೆ.

“ಇದನ್ನ ಒಂದು ಸಲಕ್ಕ ಎಷ್ಟು ಮಕ್ಕಳು ಮುಟ್ಟಬಹುದು?” ಎಂದರು ಭೀಮರಾಜ ಸಾರ್.

“ಒಬ್ಬರು ಸಾರ್. ಉಳಿದವರು ನೋಡ್ತಾರ್ರಿ.”

“ಉಳಿದವರು ನಲವತ್ತೊಂದು ಮಂದಿ ಅದಾರ.”

“ನೋಡಿ ಕಲೀತಾರ್ರಿ ಸಾರ್. ಸಿರುಗುಪ್ಪ ಕಡೆ ಒಂದು ಸಾಲಿಗೆ ಕೊಟ್ಟೀನಿ, ಹೋಗಿ ಕೇಳ್ರಿ ಬೇಕಾದ್ರ.”

ಒಂದು ಶನಿವಾರ ಇಬ್ಬರೂ ಸಿರುಗುಪ್ಪಕ್ಕೆ ಹೋದೆವು. ಅಲ್ಲಿನ ಹೆಡ್‌ಮಾಸ್ಟರ್ ಚಹಾ ಕೊಟ್ಟು ಬೋರ್ಡನ್ನು ಅರ್ಧ ಗಂಟೆ ಹೊಗಳಿದರು. ತೋರಿಸಿ ಎಂದರೆ ಕೀಲಿ ಅಟೆಂಡರ್ ಪರಶುವಿನ ಹತ್ತಿರ ಇದೆ, ಅವನು ಹಚ್ಚೊಳ್ಳಿಗೆ ಮದುವೆಗೆ ಹೋಗಿದ್ದಾನೆ ಎಂದರು. ಎರಡೂವರೆ ಗಂಟೆ ಕಾದೆವು. ಪರಶು ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡೇ ಬಂದು ಬಾಗಿಲು ತೆಗೆದ. ಬೋರ್ಡಿನ ಮೇಲೆ ಕೆಂಪು ಮಕಮಲ್ಲು ಬಟ್ಟೆ, ಬಟ್ಟೆಯ ಮೇಲೆ ಒಣಗಿದ ಹೂವಿನ ಹಾರ. ಬರೆಯುವ ಪೆನ್ನು ಇನ್ನೂ ಕಂಪನಿಯ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು.

“ಪ್ರತಿ ಶುಕ್ರವಾರ ತಪ್ಪದ ಪೂಜಾ ಮಾಡ್ತೀವ್ರಿ,” ಎಂದರು ಹೆಡ್‌ಮಾಸ್ಟರ್.

ಭೀಮರಾಜ ಸಾರ್ ಬೋರ್ಡಿಗೆ ಕೈ ಮುಗಿದು ಹೊರಗೆ ಬಂದರು. ನನಗೆ ನಗು ತಡೆಯಲಾಗಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂದೆ. ಅವರು ನಗಲಿಲ್ಲ.

“ನನಗ ಸಾಕಾಗೇತ್ರಿ ಮೇಡಂ,” ಎಂದರು ಬಸ್ಸಿನಲ್ಲಿ. “ಅವರನ್ನ ಏನಂತೀರಿ? ನಾವೂ ಅದನ್ನ ಮಾಡೀವಿ. ಹಾರ ಒಂದು ಹಾಕಿಲ್ಲ, ಅಷ್ಟ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಸೆರಗು ಸರಿಮಾಡಿಕೊಂಡು ಕಿಟಕಿಯಾಚೆ ನೋಡುತ್ತ ಕುಳಿತೆ.

ಆಮೇಲೆ ಬಂದ ಇಬ್ಬರಲ್ಲಿ ಒಬ್ಬ ಇನ್ನೂ ದೊಡ್ಡ ಬೋರ್ಡು ತೋರಿಸಿದ, ಇನ್ನೊಬ್ಬ ಸ್ಲೇಟಿನಷ್ಟಗಲದ ಟ್ಯಾಬ್‌ಗಳನ್ನು ಚೀಲದಿಂದ ತೆಗೆದು ಮಕ್ಕಳ ಕೈಗೇ ಕೊಟ್ಟ. ವರದಿ ಕಳಿಸುವ ಕೊನೆಯ ದಿನ ಜಡೆಪ್ಪನವರು ಸ್ಟಾಫ್ ರೂಮಿಗೇ ಬಂದರು. “ಸುಸ್ಥಿತಿ ಅಂತ ಬರೀರಿ ಮಾರಾಯ್ರ. ಹದಿಮೂರು ವರ್ಷ ಬರೆದಿಲ್ಲೇನ್ರಿ? ಹದಿನಾಲ್ಕನೇದಕ್ಕ ಕೈ ನೋಯ್ತೈತೇನು?”

“ಹೌದ್ರಿ ಸಾರ್, ನೋಯ್ತೈತಿ,” ಎಂದರು ಭೀಮರಾಜ. ‘ಆಗುವುದಿಲ್ಲ’ ಎಂದು ಅವರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು, ಅದೂ ಇಷ್ಟು ಮೆತ್ತಗೆ.

ವರದಿಯನ್ನು ನನಗೆ ಓದಿ ತೋರಿಸಿದರು. ಹನ್ನೊಂದು ಕಂಪ್ಯೂಟರ್ ಒಂದು ದಿನವೂ ಬಳಕೆಯಾಗದೆ ಹಾಳಾಗಿವೆ. ಈಗಿನ ಮುಖ್ಯೋಪಾಧ್ಯಾಯರು ಇದಕ್ಕೆ ಕಾರಣರಲ್ಲ, ನೋಡದೆ ಸಹಿ ಮಾಡಿದವನು ನಾನು. ದೊಡ್ಡ ಬೋರ್ಡು ಕೊಡಬೇಡಿ, ಅದಕ್ಕೆ ನಾವು ಪೂಜೆ ಮಾಡುತ್ತೇವೆ. ಮಕ್ಕಳು ಮನೆಗೆ ಒಯ್ಯುವಂಥ ಸಣ್ಣ ಟ್ಯಾಬ್‌ಗಳನ್ನು ಕೊಡಿ. ಅವನ್ನು ಮುಖ್ಯೋಪಾಧ್ಯಾಯರ ಚಾರ್ಜಿಗೆ ಸೇರಿಸದೆ ನನ್ನ ಹೆಸರಿಗೆ ಬರೆಯಿರಿ. ಹಾಳಾದರೆ ನನ್ನಿಂದ ವಸೂಲು ಮಾಡಿ.

ಆ ಹಾಳೆಯಲ್ಲಿ ನನ್ನ ಹೆಸರು ಇರಲಿಲ್ಲ. ಪ್ರತಿ ವರ್ಷದ ಎರಡು ಸಹಿಗಳಲ್ಲಿ ಒಂದು ನನ್ನದೆಂದು ಅವರಿಗೂ ಗೊತ್ತು, ನನಗೂ ಗೊತ್ತು. ‘ನನ್ನದೂ ಸೇರಿಸಿ’ ಎಂದು ಬಾಯಿಗೆ ಬಂದ ಮಾತನ್ನು ನುಂಗಿಕೊಂಡು, ಅಕ್ಷರ ದುಂಡಗಿವೆ ಸಾರ್ ಎಂದೆ. ಇವತ್ತಿಗೂ ನೆನೆದರೆ ನಾಚಿಕೆಯಿಂದ ಮೈ ಬಿಸಿಯಾಗುತ್ತದೆ.

ಜನವರಿಯಲ್ಲಿ ಕಾರ್ಖಾನೆಯಿಂದ ಇಬ್ಬರು ಬಂದು ಇಲಿ ಕೋಣೆ ನೋಡಿ ಹೋದರು. ಎಂಟು ಲಕ್ಷದಲ್ಲಿ ಅರ್ಧ ಮಂಜೂರಾಯಿತು, ಇಪ್ಪತ್ತೆರಡು ಟ್ಯಾಬ್ ಬಂದವು. ವರದಿಯ ಪ್ರತಿ ಇಲಾಖೆಗೂ ಹೋಗಿ ಭೀಮರಾಜ ಸಾರ್‌ಗೆ ನೋಟಿಸು ಬಂತು, ಒಂದು ವರ್ಷದ ವೇತನ ಬಡ್ತಿ ನಿಂತಿತು. ಜಡೆಪ್ಪನವರ ಪಿಂಚಣಿ ಸುಸೂತ್ರವಾಗಿ ಆಯಿತು. ಬೀಳ್ಕೊಡುಗೆಯ ದಿನ ಅವರು ಅಡುಗೆಯವರನ್ನೂ ಸೇರಿಸಿ ಎಲ್ಲರ ಹೆಸರು ಹೇಳಿ ವಂದಿಸಿದರು, ಭೀಮರಾಜರ ಹೆಸರು ಮರೆತರು.

ಜೂನ್‌ನಲ್ಲಿ ಒಂಬತ್ತನೇ ತರಗತಿಗೆ ಟ್ಯಾಬ್ ಕೊಡಲು ಶುರು ಮಾಡಿದರು. ಇವತ್ತು ಇಪ್ಪತ್ತೆರಡು ಮಂದಿ ಮನೆಗೆ ಒಯ್ಯಬೇಕು, ಎರಡು ದಿನ ಬಿಟ್ಟು ಉಳಿದವರು. ಇನ್ನಾದರೂ ಸುಖ ಅಂದುಕೊಂಡರೆ, ಹೋದ ಟ್ಯಾಬ್‌ಗಳು ಹೋದ ಹಾಗೇ ವಾಪಸು ಬರುತ್ತಿದ್ದವು. ಬ್ಯಾಟರಿ ನೂರಿದ್ದದ್ದು ತೊಂಬತ್ತೇಳಕ್ಕೆ ಇಳಿದಿರುತ್ತಿತ್ತು, ಅಷ್ಟೇ. ಒಂದಕ್ಕೆ ಅರಿಶಿನ ಕುಂಕುಮ ಹತ್ತಿತ್ತು. ಒಂದು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಬಂದಿತ್ತು. ಸಾಲಿ ಸಾಮಾನು, ಹಾಳಾದರೆ ಯಾರು ಕಟ್ಟಬೇಕು ಎಂದು ತಾಯಂದಿರೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು.

ಭೀಮರಾಜ ಸಾರ್ ಇಪ್ಪತ್ತೆರಡನ್ನೂ ಮೇಜಿನ ಮೇಲೆ ಸಾಲಾಗಿಟ್ಟು ಬಹಳ ಹೊತ್ತು ನೋಡಿದರು. “ಕೀಲಿ ಬರೇ ಹೆಡ್‌ಮಾಸ್ಟರ ಹತ್ರ ಐತಿ ಅಂತ ತಿಳಕೊಂಡಿದ್ನಿ,” ಎಂದರು. ಅವತ್ತು ಬಸ್ಸಿನಲ್ಲಿ ಸೀಟು ಸಿಕ್ಕರೂ ಅವರು ನೋಟುಪುಸ್ತಕ ತೆಗೆಯಲಿಲ್ಲ. ಬಡ್ತಿ ಹೋಯಿತು, ಮರ್ಯಾದೆ ಹೋಯಿತು, ಹೋಗಿದ್ದಕ್ಕೆ ಏನೂ ಬರಲಿಲ್ಲ ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

ಜುಲೈನಲ್ಲಿ ಮೌನಿಕಾ ಎಂಬ ಹುಡುಗಿ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಟ್ಯಾಬ್ ಅವಳ ಹತ್ತಿರವೇ ಉಳಿದಿತ್ತು. ಐದನೆಯ ದಿನ ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಕಾಲುವೆ ದಂಡೆಯ ಮೇಲಿದ್ದ ಅವರ ಮನೆಗೆ ಹೋದೆವು. ತಾಯಿ ಉಚ್ಚೆಂಗೆಮ್ಮ ಆಗತಾನೇ ಭತ್ತದ ನಾಟಿ ಮುಗಿಸಿ ಬಂದಿದ್ದಳು, ಕಾಲಿನ ಕೆಸರು ಒಣಗಿರಲಿಲ್ಲ. ನಮ್ಮನ್ನು ನೋಡಿದ್ದೇ ಮುಖ ಸಣ್ಣದಾಯಿತು. ಒಳಗಿನಿಂದ ಟ್ಯಾಬ್ ತಂದು ಕೊಟ್ಟಳು. ಗಾಜು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸೀಳಿತ್ತು.

“ದಿನಾ ಕೂಲಿಯಾಗ ಇಷ್ಟಿಷ್ಟು ಕಟ್ತೀನ್ರಿ ಸಾರ್. ಮುಟ್ಟಬ್ಯಾಡಲೇ ಅಂತ ಬಡಕೊಂಡೆ, ಕೇಳಲಿಲ್ಲ. ರಾತ್ರಿ ಹಗಲು ಅದರಾಗ ಲೆಕ್ಕ ಮಾಡಿದ್ಲು. ತಮ್ಮ ನಂಗೂ ಕೊಡು ಅಂತ ಜಗ್ಗಿದ, ಬಿತ್ತು.”

ಭೀಮರಾಜ ಸಾರ್ ಗುಂಡಿ ಒತ್ತಿದರು. ಸೀಳಿದ ಗಾಜಿನ ಹಿಂದೆ ಪರದೆ ಹೊತ್ತಿಕೊಂಡಿತು. ಅವಳು ಮಾಡಿದ ಲೆಕ್ಕಗಳ ಪಟ್ಟಿ ಕೆಳಗೆ ಕೆಳಗೆ ಹೋಗುತ್ತಲೇ ಇತ್ತು. ಒಂಬತ್ತನೆಯದು ಮುಗಿಸಿ ಹತ್ತನೇ ತರಗತಿಯವಕ್ಕೆ ಕೈ ಹಾಕಿದ್ದಳು. ಅವರ ಕಣ್ಣು ತುಂಬಿ ಬಂದವು, ಒರೆಸಿಕೊಳ್ಳಲೂ ಇಲ್ಲ.

“ಕೂಲಿ ಬ್ಯಾಡಮ್ಮ. ಹಾಳಾಗೇತಿ ಅಂತ ಪುಸ್ತಕದಾಗ ಬರೀತೀನಿ.”

“ಬರೀರಿ ಸಾರ್,” ಎಂದೆ. “ಈ ಸಲ ವಸೂಲಿ ಆದ್ರ ಇಬ್ಬರ ಹೆಸರಿಗೂ ಆಗ್ಲಿ. ನಂದೂ ಸಹಿ ಹಾಕ್ತೀನಿ.” ಅವರು ನನ್ನತ್ತ ತಿರುಗಿ ನೋಡಿ ತಲೆಯಾಡಿಸಿದರು, ಅಷ್ಟೇ.

ಮೌನಿಕಾ ಬಾಗಿಲ ಹಿಂದಿನಿಂದ ಇಣುಕುತ್ತಿದ್ದಳು. ಅವರು ಚೀಲದಿಂದ ಇನ್ನೊಂದು ಟ್ಯಾಬ್ ತೆಗೆದು ಅವಳ ಕಡೆ ಹಿಡಿದರು. ಅವಳು ಕೈ ಹಿಂದೆ ಕಟ್ಟಿಕೊಂಡಳು.

“ತಗೋಬೇ,” ಎಂದರು. “ನಾ ಹಚ್ಚೊಳ್ಳಿ ಸಾಲ್ಯಾಗ ಓದಾಗ ಬೀರುವಿನ ಮ್ಯಾಲ ಒಂದು ಗ್ಲೋಬು ಇತ್ತು. ನಮ್ಮ ಕೇರಿ ಹುಡುಗರನ್ನ ಬಾಗಿಲ ಹತ್ರ ಕುಂದರಸ್ತಿದ್ರು. ಏಳು ವರ್ಷ ಅಲ್ಲಿಂದನ ನೋಡಿದೆ. ಮುಟ್ಟಾಕ ಬಿಡಲಿಲ್ಲ.”

ಇಷ್ಟು ವರ್ಷದ ಬಸ್ಸಿನಲ್ಲಿ ಈ ಮಾತು ನನಗೆ ಒಮ್ಮೆಯೂ ಕೇಳಿಸಿರಲಿಲ್ಲ.

ಹುಡುಗಿ ಹೊರಗೆ ಬಂದಳು. “ಆಮ್ಯಾಲ ಮುಟ್ಟೀರೇನ್ರಿ ಸಾರ್?”

“ಹೂಂ. ಎಲೆಕ್ಷನ್ ಡ್ಯೂಟಿಗೆ ಅದ ಸಾಲಿಗೆ ಹಾಕಿದ್ರು. ಅಲ್ಲೇ ಇತ್ತು. ಇಳಿಸಿ ಮುಟ್ಟಿದೆ.”

“ಹೆಂಗಿತ್ರಿ?”

ಅವರು ಟ್ಯಾಬನ್ನು ಅವಳ ಕೈಗಿಟ್ಟು, ಹೊಸ್ತಿಲ ಮೇಲೆ ಕುಳಿತುಕೊಂಡರು.

“ತುಕ್ಕು ಹಿಡಿದಿತ್ತವ್ವ. ತಿರುಗಲಿಲ್ಲ.”