ಸರಳು ಕೂರಿಸದ ಕಿಟಕಿ

ಅದು 1979. ಇಷ್ಟನ್ನು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆ ವರ್ಷ ನಾನು ಎಂ.ಎ. ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. ಉಳಿದದ್ದನ್ನು ಹೇಳುವಾಗ ಸ್ವಲ್ಪ ಹುಷಾರಾಗಿರಬೇಕು. ದಿನಚರಿ ಬರೆಯುವ ಅಭ್ಯಾಸ ನನಗೆ ಹೈಸ್ಕೂಲಿನಿಂದಲೂ ಇದೆ. ಆದರೆ ಆ ದಿನಗಳಲ್ಲಿ ನಾನು ಏನನ್ನೂ ಬರೆದಿಲ್ಲ. ಹಾಗಾಗಿ ಇಲ್ಲಿರುವುದೆಲ್ಲ ನೆನಪು. ಇಷ್ಟು ವರ್ಷ ಮನೆಮಂದಿಯ ಬಾಯಲ್ಲಿ ಓಡಾಡಿದ ಮಾತು ಅದರಲ್ಲಿ ಎಷ್ಟು ಬೆರೆತಿದೆಯೋ ನನಗೇ ತಿಳಿಯದು.

ನನ್ನ ಅಕ್ಕ ಸುಧಾಳನ್ನು ಎನ್.ಆರ್. ಕಾಲೋನಿಗೆ ಕೊಟ್ಟಿತ್ತು. ಅವಳ ಮಾವ ಗಣಿತ ಕಲಿಸಿ ನಿವೃತ್ತರಾದವರು. ಬೀದಿಯವರೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು, ನಮ್ಮ ಮನೆಯಲ್ಲೂ ಅದೇ ರೂಢಿಯಾಯಿತು. ಅಕ್ಕನ ಮಗಳು ಅನುವಿಗೆ ಆಗಷ್ಟೇ ಎರಡು ತುಂಬಿತ್ತು. ಮೇಷ್ಟ್ರ ಬಾಡಿಗೆ ಮನೆಯಲ್ಲಿ ಬೀದಿಗೆ ತೆರೆಯುವ ಒಂದು ಕಿಟಕಿಯಿತ್ತು. ಹಳೆಯ ಕಾಲದ್ದು, ಚೌಕಟ್ಟಿಗೇ ದಪ್ಪ ಕಬ್ಬಿಣದ ಸರಳುಗಳು. ಸಂಜೆಯಾದರೆ ಮೇಷ್ಟ್ರು ಮೊಮ್ಮಗಳನ್ನು ಆ ಕಿಟಕಿಯ ಕಟ್ಟೆಯ ಮೇಲೆ ಕೂರಿಸುತ್ತಿದ್ದರು. ಅವಳು ಸರಳುಗಳ ನಡುವೆ ಕಾಲು ಇಳಿಬಿಟ್ಟು, ಎರಡು ಸರಳನ್ನು ಮುಷ್ಟಿಯಲ್ಲಿ ಹಿಡಿದು, ಹೋಗಿಬರುವವರನ್ನೆಲ್ಲ ಮಾತಾಡಿಸುವಳು. ಮೇಷ್ಟ್ರು ಹಿಂದೆ ನಿಂತು ಪೇಪರು ಓದುವರು. ನಾವೆಲ್ಲ ಹಾಗೆಯೇ ಬೆಳೆದವರು. ಮಗು ಕಿಟಕಿಯಲ್ಲಿ ಕೂತಿದೆ ಎಂದರೆ ದೊಡ್ಡವರು ಒಂದಿಷ್ಟು ಹೊತ್ತು ನಿಶ್ಚಿಂತರು ಎಂದರ್ಥ.

ನಿವೃತ್ತಿಯ ಹಣ ಬಂದಮೇಲೆ ಮೇಷ್ಟ್ರು ಹನುಮಂತನಗರದಲ್ಲಿ ಸ್ವಂತ ಮನೆ ಕಟ್ಟಿಸಿದರು. ಮಹಡಿ ಮನೆ. ಭಾವ, ಅಂದರೆ ಮೇಷ್ಟ್ರ ಮಗ ಶ್ರೀಧರ, ಗಾಳಿ ಬೆಳಕು ಬರಲೆಂದು ಮಹಡಿಯ ಕೋಣೆಗೆ ಹೊಸ ಮಾದರಿಯ ಕಿಟಕಿ ಇಡಿಸಿದ್ದರು. ಅಗಲವಾದದ್ದು, ನೆಲದಿಂದ ಬಹಳ ಎತ್ತರವಿಲ್ಲದ್ದು. ಈ ಕಿಟಕಿಗಳಿಗೆ ಮರಗೆಲಸದವರು ಸರಳು ಕೂರಿಸುವುದಿಲ್ಲ. ಅಳತೆ ಕೊಟ್ಟು ಗ್ರಿಲ್ ಮಾಡಿಸಿ ಆಮೇಲೆ ಹಾಕಿಸಬೇಕು. ಮಾವಳ್ಳಿಯ ಗ್ರಿಲ್ಲಿನವನು ಕೆಳಗಿನ ಕಿಟಕಿಗಳದ್ದನ್ನು ತಂದು ಕೂರಿಸಿದ್ದ, ಮಹಡಿಯದ್ದು ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಆಷಾಢ ಹತ್ತಿರವಾಯಿತು.

"ಗ್ರಿಲ್ ಬರೋವರೆಗೂ ತಡೆಯೋಣ ಅಪ್ಪ" ಎಂದು ಭಾವ ಹೇಳಿದ್ದು ನನಗೆ ನೆನಪಿದೆ. ಗೃಹಪ್ರವೇಶಕ್ಕೆ ನಮ್ಮ ತಂದೆತಾಯಿಯನ್ನು ಕರೆಯಲು ಎಲ್ಲರೂ ಬಸವನಗುಡಿಯ ನಮ್ಮ ಮನೆಗೆ ಬಂದಿದ್ದಾಗಿನ ಮಾತು ಅದು.

"ತಡೆದ್ರೆ ಆಷಾಢ ಬಂದ್ಬಿಡತ್ತೆ ಕಣೋ" ಎಂದರು ಮೇಷ್ಟ್ರು. "ಹಾಲು ಉಕ್ಕಿಸಿಬಿಡೋಣ, ಗ್ರಿಲ್ ಅದರ ಪಾಡಿಗೆ ಬರತ್ತೆ. ಅಷ್ಟರಲ್ಲಿ ಕಳ್ಳ ಬಂದ ಅಂತಾನೇ ಇಟ್ಕೋ, ಮೇಷ್ಟ್ರ ಮನೇಲಿ ಏನಿದೆ ಕದಿಯೋಕೆ? ಸೀಮೆಸುಣ್ಣ!"

ನಾವೆಲ್ಲ ನಕ್ಕೆವು. ಈಗ ಯೋಚಿಸಿದರೆ ಆ ನಗುವೇ ನನ್ನನ್ನು ತಡೆದು ನಿಲ್ಲಿಸುತ್ತದೆ. ಗ್ರಿಲ್ ಎಂದಾಗ ನಮ್ಮ ಯಾರ ತಲೆಗೂ ಬಂದದ್ದು ಹೊರಗಿನಿಂದ ಒಳಗೆ ಬರುವವನು ಮಾತ್ರ. ಒಳಗಿನಿಂದ ಹೊರಗೆ ಹೋಗಬಹುದಾದವಳು ಅಲ್ಲೇ ಅಕ್ಕನ ತೊಡೆಯ ಮೇಲೆ ಕೂತು ಕೋಡುಬಳೆ ಕಡಿಯುತ್ತಿದ್ದಳು.

ಗೃಹಪ್ರವೇಶದ ದಿನ ಮನೆ ತುಂಬ ಜನ. ಮನೆಯ ಮುಂದೆ ಬಿದಿರು ನೆಟ್ಟು ತೆಂಗಿನ ಗರಿಯ ಚಪ್ಪರ ಹಾಕಿಸಿದ್ದರು. ಬೆಳಿಗ್ಗೆ ಒಳಗೆ ಹೊಗಿಸಿದ್ದ ಹಸುವನ್ನು ಚಪ್ಪರದ ಪಕ್ಕದಲ್ಲಿ ಕಟ್ಟಿ ಹುಲ್ಲು ಹಾಕಿದ್ದರು. ಕೆಳಗೆ ನಡುಮನೆಯಲ್ಲಿ ಹೋಮ. ಹೊಗೆ ಮೆಟ್ಟಿಲು ಹತ್ತಿ ಮಹಡಿಗೂ ಬಂದಿತ್ತು, ಯಾರೋ ಕಿಟಕಿ ತೆರೆದಿಟ್ಟಿದ್ದರು. ನಾನು ಮಹಡಿಯ ಕೋಣೆಯ ಬಾಗಿಲ ಬಳಿ ಚಾಪೆಯ ಮೇಲೆ ಕೂತು, ಬಂದವರಿಗೆ ಕೊಡುವ ತಾಂಬೂಲದ ಚೀಲಗಳಿಗೆ ಎಲೆ ಅಡಿಕೆ ತೆಂಗಿನಕಾಯಿ ತುಂಬುತ್ತಿದ್ದೆ. ಕಿಟಕಿ ನನ್ನ ನೇರ ಎದುರಿಗಿತ್ತು. ಕೋಣೆಯಲ್ಲಿ ಇನ್ನೂ ಕೆಲವರು ನೆಂಟರು ಗುಂಪಾಗಿ ಮಾತಾಡುತ್ತ ಕೂತಿದ್ದರು.

ಮೇಷ್ಟ್ರು ಅನುವನ್ನು ಎತ್ತಿಕೊಂಡು ಮೇಲೆ ಬಂದರು. ಹೊಗೆಗೆ ಅವಳ ಕಣ್ಣು ಕೆಂಪಾಗಿ, ಮೂಗು ಸೋರುತ್ತಿತ್ತು.

"ಅಳ್ಬಾರ್ದು ಪುಟ್ಟಿ. ಬಾ, ಅಂಬಾ ತೋರಿಸ್ತೀನಿ."

"ತಾತಾ, ಅಂಬಾ ಎಲ್ಲಿ?"

"ಕೆಳಗಡೆ ಊಟ ಮಾಡ್ತಿದೆ. ನಮಗಿಂತ ಮುಂಚೆ ಅದಕ್ಕೇ ಬಡಿಸ್ಬಿಟ್ಟಿದಾರೆ ನೋಡು."

ಅವಳನ್ನು ಕಿಟಕಿಯ ಕಟ್ಟೆಯ ಮೇಲೆ ಹೊರಮುಖವಾಗಿ ಕೂರಿಸಿದರು. ಒಂದು ಕೈ ಅವಳ ಸೊಂಟದ ಸುತ್ತ ಇತ್ತು. ಇಷ್ಟರವರೆಗೆ ನನಗೆ ಅನುಮಾನವಿಲ್ಲ. ಕೋಣೆಯಲ್ಲಿದ್ದ ಯಾರೊಬ್ಬರೂ "ಅಯ್ಯೋ, ಅಲ್ಲಿ ಬೇಡ" ಎನ್ನಲಿಲ್ಲ. ತಾತ ಮೊಮ್ಮಗಳು ಕಿಟಕಿಯಲ್ಲಿರುವುದು ನಾವು ದಿನಾ ನೋಡುವ ನೋಟ.

ಆಗ ಮೇಷ್ಟ್ರ ಹೆಂಡತಿ ಸೀತಮ್ಮನವರು ಮಂಗಳಾರತಿ ತಟ್ಟೆ ಹಿಡಿದು ಮೇಲೆ ಬಂದರು. ಮೇಲೆ ಕೂತಿದ್ದ ನೆಂಟರಿಗೆ ಕೊಟ್ಟುಕೊಂಡು, ಕಿಟಕಿಯ ಬಳಿ ಹೋಗಿ, "ತಗೊಳ್ಳಿ, ಯಜಮಾನರೇ ಇಲ್ಲಿ ಬಂದು ನಿಂತಿದೀರಲ್ಲ" ಎಂದರು.

ಮಂಗಳಾರತಿಯನ್ನು ನಮ್ಮಲ್ಲಿ ಒಂದು ಕೈಯಲ್ಲಿ ತೆಗೆದುಕೊಳ್ಳುವುದಿಲ್ಲ. ಎರಡೂ ಅಂಗೈಯನ್ನು ಉರಿಯ ಮೇಲೆ ಒಡ್ಡಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಇದನ್ನು ಯಾರೂ ನಿಂತು ಯೋಚಿಸಿ ಮಾಡುವುದಿಲ್ಲ. ಮೇಷ್ಟ್ರು ತಟ್ಟೆಯ ಕಡೆ ತಿರುಗಿ ಎರಡೂ ಕೈ ಚಾಚಿದರು, ಕಣ್ಣಿಗೆ ಒತ್ತಿಕೊಂಡರು. ಅವರು ಕಣ್ಣು ತೆರೆಯುವಷ್ಟರಲ್ಲಿ ಕಿಟಕಿ ಬರಿದಾಗಿತ್ತು.

ಅನು ಹಿಡಿದುಕೊಳ್ಳಲೆಂದು ಮುಂದಕ್ಕೆ ಕೈ ಚಾಚಿದಳು, ಅಲ್ಲಿ ಹಿಡಿಯಲು ಏನೂ ಇರಲಿಲ್ಲ. ಹೀಗೊಂದು ಚಿತ್ರ ನನ್ನ ಕಣ್ಣಲ್ಲಿದೆ. ನಾನು ಅದನ್ನು ನಿಜವಾಗಿ ಕಂಡೆನೋ, ಹಳೆಯ ಮನೆಯ ಕಿಟಕಿಯನ್ನು ನೆನೆದು ಆಮೇಲೆ ಕಟ್ಟಿಕೊಂಡೆನೋ, ಹೇಳಲಾರೆ. ಕೇಳಿದ್ದು ಮಾತ್ರ ನಿಜ. ಗರಿಗಳು ಮುರಿದ ಸದ್ದು, ಹಸು ಬೆದರಿ ಹಗ್ಗ ಜಗ್ಗಿದ ಸದ್ದು. ಆಮೇಲೆ ಕೆಳಗಿನಿಂದ ಅಕ್ಕನ ಕೂಗು. ಸೀತಮ್ಮನವರು ಉರಿಯುವ ತಟ್ಟೆಯನ್ನು ಹಾಗೇ ಎದೆಯ ಮಟ್ಟಕ್ಕೆ ಹಿಡಿದು ನಿಂತಿದ್ದರು. ಮೇಷ್ಟ್ರು ಆಗಲೇ ಮೆಟ್ಟಿಲು ಇಳಿಯುತ್ತಿದ್ದರು. ಓಡುತ್ತಿದ್ದರೋ ಬೀಳುತ್ತಿದ್ದರೋ ತಿಳಿಯುವಂತಿರಲಿಲ್ಲ.

ಚಪ್ಪರ ಅವಳನ್ನು ಒಂದು ಕ್ಷಣ ತಡೆದಿತ್ತು. ಗರಿಗಳ ನಡುವೆ ಜಾರಿ ಮಣ್ಣಿಗೆ ಬಿದ್ದಿದ್ದಳು. ಬಲಗಾಲು ಇರಬಾರದ ರೀತಿಯಲ್ಲಿ ತಿರುಗಿಕೊಂಡಿತ್ತು. ಕಣ್ಣು ಮುಚ್ಚಿತ್ತು. ಅಳು ಇರಲಿಲ್ಲ. ಅವಳು ಅಳಲಿ ಎಂದು ಅಷ್ಟು ಜನ ಬಾಯಿಬಿಟ್ಟು ಕಾದದ್ದನ್ನು ನಾನು ಮತ್ತೆಂದೂ ನೋಡಿಲ್ಲ. ಭಾವ ಅವಳನ್ನು ಎತ್ತಿಕೊಂಡು, ಯಾರೋ ನಿಲ್ಲಿಸಿದ ಆಟೋದಲ್ಲಿ ಅಕ್ಕನೊಡನೆ ಆಸ್ಪತ್ರೆಗೆ ಹೊರಟರು. ನಾವು ಹಿಂದೆ ಹೋದೆವು.

ಡಾಕ್ಟರು, "ಕಾಲು ಸರಿಹೋಗುತ್ತೆ. ತಲೆಗೆ ಏಟು ಬಿದ್ದಿದೆ, ಎಚ್ಚರ ಆಗ್ಲಿ, ಆಮೇಲೆ ಹೇಳ್ತೀನಿ" ಎಂದರು. ಆ 'ಆಮೇಲೆ'ಗೆ ಕಾಯುತ್ತ ನಾವೆಲ್ಲ ಕೂತೆವು. ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ನೆಂಟರ ಮಾತು ಶುರುವಾಯಿತು.

"ಮುಹೂರ್ತ ಸ್ವಲ್ಪ ಮೀರಿತ್ತು, ನಾನು ಆಗ್ಲೇ ಅಂದ್ಕೊಂಡೆ."

"ದೃಷ್ಟಿ ಕಣ್ರೀ. ಅಷ್ಟು ಜನದ ಕಣ್ಣು."

"ಆ ಗ್ರಿಲ್ಲಿನವನನ್ನ ಹಿಡ್ಕೊಂಡು ಕೇಳ್ಬೇಕು. ಹೇಳಿದ ದಿನಕ್ಕೆ ತಂದಿದ್ದಿದ್ರೆ?"

ಅಕ್ಕ ನನ್ನ ಪಕ್ಕಕ್ಕೆ ಬಂದು ಕೂತು, ತಗ್ಗಿದ ದನಿಯಲ್ಲಿ ಕೇಳಿದಳು: "ಪದ್ಮಾ, ನೀನು ಎದುರಿಗೇ ಇದ್ದೆ. ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದ್ರಾ?"

ಅವಳು ಕೇಳಿದ್ದರ ಅರ್ಥ ನನಗೆ ಕೂಡಲೇ ಆಯಿತು. ತಲೆ ಹೊರಗೆ ಹಾಕಿದ್ದರೆ ಸರಳಿಲ್ಲವೆಂದು ಅವರಿಗೆ ಗೊತ್ತಿತ್ತು. ಇಲ್ಲವಾದರೆ ಗ್ರಿಲ್ ಬಂದಿಲ್ಲವೆಂಬುದು ಆ ಹೊತ್ತಿಗೆ ಮರೆತು, ಹಳೆಯ ಮನೆಯಂತೆ ಇಲ್ಲೂ ಸರಳಿದೆ ಎಂದು ನಂಬಿದ್ದರು. ಒಂದು ತಪ್ಪಿನ ಜೊತೆ ಬಾಳಬಹುದು, ಇನ್ನೊಂದರ ಜೊತೆ ಆಗುವುದಿಲ್ಲ ಎಂದು ಅಕ್ಕ ಆಗಲೇ ತೀರ್ಮಾನಿಸಿಬಿಟ್ಟಂತಿತ್ತು. ನಾನು ನೆನಪು ಕೆದಕಿದೆ. ಒಮ್ಮೆ ಮೇಷ್ಟ್ರು ಬಗ್ಗಿ ಹೊರಗೆ ಕೈ ತೋರಿಸುತ್ತಿರುವುದು ಕಂಡಿತು. ಮತ್ತೆ ಕೆದಕಿದರೆ ಅವರ ಬಿಳಿ ಶಲ್ಯದ ಬೆನ್ನು ಮಾತ್ರ ಕಂಡಿತು. ಎರಡೂ ಅಷ್ಟೇ ಸ್ಪಷ್ಟ.

"ಗೊತ್ತಿಲ್ಲ ಅಕ್ಕ."

"ಎದುರಿಗೇ ಕೂತಿದ್ದು ಗೊತ್ತಿಲ್ಲ ಅಂತೀಯಲ್ಲೇ! ಅಷ್ಟೊಂದು ಓದಿರೋದು ಏನಕ್ಕೆ?"

ಮೇಷ್ಟ್ರು ಬೆಂಚಿನ ಕೊನೆಯಲ್ಲಿ ಕೂತಿದ್ದರು. ಕಿವಿಗೆ ಬಿದ್ದಿರಬೇಕು. ಎದ್ದು ಬಂದು ಅಕ್ಕನ ಮುಂದೆ ನಿಂತರು.

"ಅವಳನ್ನ ಯಾಕೆ ಕೇಳ್ತೀಯಮ್ಮ, ನನ್ನ ಕೇಳು. ನನಗೆ ಗೊತ್ತಿತ್ತು. ಹೊಗೆ ಹೋಗ್ಲಿ ಅಂತ ಕಿಟಕಿ ತೆಗೆದವನೇ ನಾನು. ಗ್ರಿಲ್ ಇಲ್ಲ ಅಂತ ಗೊತ್ತಿದ್ದೇ ಮಗೂನ ಹಿಡ್ಕೊಂಡಿದ್ದೆ. ಮಂಗಳಾರತಿ ಬಂದಾಗ ಅದು ಮರೆತೇಹೋಯ್ತು. ಹಳೇ ಮನೇಲಿ ಬಿಡೋ ಹಾಗೆ ಕೈ ಬಿಟ್ಬಿಟ್ಟೆ."

ನೆಂಟರೊಬ್ಬರು, "ಬಿಡಿ ಮೇಷ್ಟ್ರೇ, ಎಲ್ಲ ಗ್ರಹಚಾರ. ನೀವೇನು ಬೇಕೂಂತ ಮಾಡಿದ್ರಾ?" ಎಂದರು.

"ಬೇಕೂಂತ ಮಾಡ್ಲಿಲ್ಲ. ಆದ್ರೆ ಮಾಡಿದ್ದು ನಾನೇ. ಗ್ರಹಾನೂ ಅಲ್ಲ, ಗ್ರಿಲ್ಲಿನವನೂ ಅಲ್ಲ. ಅವನ ಹತ್ರ ಯಾರೂ ಜಗಳಕ್ಕೆ ಹೋಗ್ಬೇಡಿ."

ಅಕ್ಕ ಅವರ ಮುಖ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅನು ಕಣ್ಣು ಬಿಟ್ಟು ನೀರು ಕೇಳಿದಳು. ಅಕ್ಕನನ್ನೂ ಭಾವನನ್ನೂ ಗುರುತಿಸಿದಳು. ಆಮೇಲೆ "ತಾತ ಎಲ್ಲಿ?" ಎಂದಳು. ಅಕ್ಕ ನೀರಿನ ಲೋಟವನ್ನು ಮತ್ತೆ ಅವಳ ಬಾಯಿಗೆ ಹಿಡಿದಳು.

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಮಗುವನ್ನು ಅಕ್ಕ ಹನುಮಂತನಗರಕ್ಕೆ ಕರೆದೊಯ್ಯಲಿಲ್ಲ, ಬಸವನಗುಡಿಗೆ ನಮ್ಮ ಮನೆಗೆ ಕರೆತಂದಳು. ಮೇಷ್ಟ್ರು ಅಷ್ಟರಲ್ಲೇ ಬಡಗಿಯನ್ನು ಕರೆಸಿ ಮಹಡಿಯ ಕಿಟಕಿಗೆ ಅಡ್ಡಪಟ್ಟಿ ಹೊಡೆಸಿದ್ದರಂತೆ. ಭಾವ ಬಂದು ಹೇಳಿದಾಗ ಅಕ್ಕ, "ಈಗ ಹೊಡೆಸಿದ್ರಾ" ಎಂದಷ್ಟೇ ಅಂದಳು.

ದಿನವೂ ಸಂಜೆ ಮೇಷ್ಟ್ರು ನಡೆದುಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಜಗಲಿಯ ಮೇಲೆ ಕೂತು, "ಹೇಗಿದಾಳೆ?" ಎಂದು ನನ್ನ ಅಮ್ಮನನ್ನು ಕೇಳುವರು. ಅಮ್ಮ "ಒಳಗೆ ಬನ್ನಿ" ಎಂದರೆ, "ಬೇಡಮ್ಮ, ಇಲ್ಲೇ ಗಾಳಿ ಚೆನ್ನಾಗಿದೆ" ಎನ್ನುವರು. ಅವರ ದನಿ ಕೇಳಿದ ಕೂಡಲೇ ಒಳಗೆ ಮಲಗಿದ್ದ ಅನು "ತಾತಾ, ಬಾ" ಎಂದು ಕೂಗುತ್ತಿದ್ದಳು. ಮೇಷ್ಟ್ರು ಕೇಳಿಸದವರಂತೆ ಎದ್ದು ಚಪ್ಪಲಿ ಮೆಟ್ಟಿಕೊಳ್ಳುವರು. ಅಕ್ಕ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಆ ಸಂಜೆಗಳು ನಮ್ಮೆಲ್ಲರಿಗೂ ಬಹಳ ಕಷ್ಟವಾಗಿದ್ದವು.

ಪ್ಲಾಸ್ಟರ್ ಬಿಚ್ಚಿದ ಮೇಲೆ, ಅನು ಗೋಡೆ ಹಿಡಿದು ನಡೆಯಲು ಶುರುಮಾಡಿದ್ದ ಕಾಲ. ಒಂದು ಸಂಜೆ ಮೇಷ್ಟ್ರು ಎಂದಿನಂತೆ ಜಗಲಿಯಿಂದ ಏಳುತ್ತಿದ್ದರು. ಒಳಗೆ ಅನು ಕೂಗಿ ಕೂಗಿ ಅಳತೊಡಗಿದ್ದಳು. ಅಕ್ಕ ಅವಳನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು.

"ಮಾವ, ಒಳಗೆ ಬನ್ನಿ."

"ಬೇಡ ಸುಧಾ. ಕತ್ತಲಾಗತ್ತೆ."

"ಬನ್ನಿ ಅಂದ್ನಲ್ಲ."

ಒಳಗೆ ಬಂದು ನಡುಮನೆಯಲ್ಲಿ ನಿಂತರು. ಅನು ಅವರತ್ತ ಬಾಗಿದಳು. ಅಕ್ಕ ಕೊಡಲಿಲ್ಲ.

"ನೆಲದ ಮೇಲೆ ಕೂತ್ಕೊಳ್ಳಿ" ಎಂದಳು. "ಗೋಡೆಗೆ ಒರಗಿ ಕೂತ್ಕೊಳ್ಳಿ. ಆಮೇಲೆ ಕೊಡ್ತೀನಿ."

ನನ್ನ ಅಮ್ಮ, "ಏನೇ ಇದು, ದೊಡ್ಡವರಿಗೆ ಹಾಗನ್ನೋದಾ" ಎನ್ನಲು ಬಾಯಿ ತೆರೆದರು. ಮೇಷ್ಟ್ರು ಕೈ ಅಡ್ಡ ಹಿಡಿದು ಅವರನ್ನು ತಡೆದರು. ತರಗತಿಯಲ್ಲಿ ಎಷ್ಟೋ ಮಕ್ಕಳನ್ನು ಹಾಗೆ ಕೂರಿಸಿದ್ದ ಮನುಷ್ಯ, ಹೇಳಿದ ಕಡೆ ಗೋಡೆಗೆ ಒರಗಿ, ಕಾಲು ಮಡಿಸಿ ಕೂತರು. ಅಕ್ಕ ಬಗ್ಗಿ ಮಗುವನ್ನು ಅವರ ತೊಡೆಯ ಮೇಲಿಟ್ಟಳು.

"ನಾನು ಇಲ್ಲೇ ನಿಂತಿರ್ತೀನಿ ಮಾವ."

"ನಿಂತಿರಮ್ಮ" ಎಂದರು ಮೇಷ್ಟ್ರು. "ನಿಂತಿರು. ಎಲ್ಲೂ ಹೋಗ್ಬೇಡ."

ಅಕ್ಕ ನಿಂತೇ ಇದ್ದಳು. ಒಲೆಯ ಮೇಲೆ ಹಾಲು ಉಕ್ಕಿ ಸೀದ ವಾಸನೆ ಬಂತು, ಅಮ್ಮ ಓಡಿದರು. ಅಕ್ಕ ಕದಲಲಿಲ್ಲ.

ಇದಾದ ಮೇಲೆ ಅಕ್ಕ ಮಗಳೊಡನೆ ಹನುಮಂತನಗರಕ್ಕೆ ಮರಳಿದಳು. ಅನುವಿನ ನಡಿಗೆಯಲ್ಲಿ ಸಣ್ಣ ಓರೆ ಉಳಿಯಿತು, ಗೊತ್ತಿದ್ದವರಿಗಷ್ಟೇ ಕಾಣುವಷ್ಟು. ಮೇಷ್ಟ್ರು ತೀರಿಕೊಂಡಾಗ ಅವಳೇ ಹೆಚ್ಚು ಅತ್ತಳು.

ಅವರು ತಲೆ ಹೊರಗೆ ಹಾಕಿ ನೋಡಿದ್ದರೇ ಎಂಬ ಪ್ರಶ್ನೆಗೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಅವರೇ ಒಪ್ಪಿಕೊಂಡಮೇಲೆ ಅದು ಬೇಕಾಗಿಯೂ ಇಲ್ಲ. ಅಂದು ಮಾವನನ್ನು ಕ್ಷಮಿಸಿದೆಯಾ ಎಂದು ಅಕ್ಕನನ್ನು ನಾನು ಕೇಳಿಲ್ಲ. ಮಗುವನ್ನು ಅವರ ತೊಡೆಯ ಮೇಲಿಟ್ಟಳು, ಅಲ್ಲೇ ನಿಂತಳು, ಇಷ್ಟನ್ನು ಕಂಡಿದ್ದೇನೆ. ಕ್ಷಮಿಸಿದವರು ಆಮೇಲೆ ಕಾವಲು ನಿಲ್ಲುವುದಿಲ್ಲ ಎಂದುಕೊಂಡಿದ್ದ ವಯಸ್ಸು ಆಗ ನನ್ನದು. ಈಗ ಯಾರ ಮನೆಯಲ್ಲಾದರೂ ಮಹಡಿಯ ಮೇಲೆ ಮಗುವಿದ್ದರೆ ಅಲ್ಲಿನ ಮಾತುಕತೆ ನನ್ನ ಕಿವಿಗೆ ಬೀಳುವುದಿಲ್ಲ. ಮಗು ಯಾರ ಕೈಯಲ್ಲಿದೆ ಎಂದು ನೋಡುತ್ತೇನೆ. ಯಾರ ಕೈಯಲ್ಲೂ ಇಲ್ಲದಿದ್ದರೆ, ಮನೆಯವರು ಏನೆಂದುಕೊಂಡರೂ ಸರಿಯೆಂದು, ಎದ್ದು ಹೋಗಿ ಅದರ ಪಕ್ಕದಲ್ಲಿ ನಿಲ್ಲುತ್ತೇನೆ.